ಚಿತ್ರಶಾಲೆಯ ಪ್ರರೋಚನೆ

ಚಿತ್ರಶಾಲೆಗಳು ತಮ್ಮಲ್ಲಿ ಮುಂದೆ ನಡೆಯಲಿರುವ ಕಾರ್ಯಕ್ರಮಗಳನ್ನು ಸಾರ್ವಜನಿಕರಿಗೆ ತಿಳಿಯಪಡಿಸುವುದಕ್ಕಾಗಿ ಹೊರಡಿಸುವ ಪತ್ರಿಕೆಗಳು ಈ ಕಾಲದಲ್ಲಿ ಎಲ್ಲೆಲ್ಲಿಯೂ ಕಾಣಬರುತ್ತವೆ. ಇಂಥ ದಿನ ಇಂಥ ಹೊತ್ತಿಗೆ ಉಪನ್ಯಾಸ, ಇಂಥ ದಿನ ಮಕ್ಕಳಿಗೆ ಬಣ್ಣದ ಪಾಠ, ಇಂಥ ಸಂಜೆ ಸಂಗೀತ, ಇಂಥ ಭಾನುವಾರ ತಿಳಿದವರೊಬ್ಬರೊಡನೆ ಚಿತ್ರಗಳ ವೀಕ್ಷಣೆ ಎಂಬ ಕ್ರಮದಲ್ಲಿ ಅವು ಇರುತ್ತವೆ. ಇವು ಓದಿ ಬಿಸುಡುವ ಕಾಗದಗಳೆಂದು ಭಾವಿಸಿ ವಿದ್ವಾಂಸರು ಇವನ್ನು ಗಣನೆಗೆ ತಂದುಕೊಳ್ಳುವುದಿಲ್ಲ. ಆದರೆ ಶಾಸ್ತ್ರದೃಷ್ಟಿಯಿಂದ ನೋಡಿದರೆ ಇವಕ್ಕೂ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಗಳು ನಾಲ್ಕೂ ಉಂಟು. ಅನುಬಂಧಚತುಷ್ಟಯವುಳ್ಳ ಯಾವ ಬರವಣಿಗೆಯೂ ವಿಮರ್ಶೆಗೆ ಹೊರತಾದುದಲ್ಲ.

ಈ ಕಾರ್ಯಕ್ರಮಗಳ ವಿಷಯದಲ್ಲಿ ಎರಡು ಪಕ್ಷಗಳು ಪ್ರಚಾರದಲ್ಲಿವೆ. ಚಿತ್ರವು ಕಣ್ಣಿಗೆ ವಿಷಯವಾದುದು, ಅದರ ಮುಂದೆ ಮೌನವಾಗಿ ನಿಲ್ಲುವುದೇ ದರ್ಶನ, ಉಪನ್ಯಾಸ ಸಂಗೀತಾದಿಗಳು ಚಿತ್ರಶಾಲೆಯನ್ನು ಸಂತೆಯನ್ನಾಗಿ ಮಾಡುತ್ತವೆ ಎಂಬುದು ಮೊದಲನೆಯ ಪಕ್ಷ. ಬರಿಯ ಚಿತ್ರಗಳನ್ನು ಗೋಡೆಗೆ ತೂಗುಹಾಕಿ ಬಾಗಿಲು ತೆರೆದಿಟ್ಟರೆ ಜನರು ಬರುವುದಿಲ್ಲ, ಬಂದವರೂ ನಿಲ್ಲುವುದಿಲ್ಲ, ಆದಕಾರಣ ಯಾವುದಾದರೊಂದು ನೆಪದಿಂದ ಅವರನ್ನು ಒಳಕ್ಕೆ ಬರಮಾಡಿಕೊಳ್ಳಬೇಕು ಎಂಬುದು ಎರಡನೆಯ ಪಕ್ಷ. ಎರಡರಲ್ಲಿಯೂ ಸತ್ಯಾಂಶವಿದೆ. ಆದರೆ ಚಿತ್ರಕ್ಕೂ ಕಾರ್ಯಕ್ರಮಕ್ಕೂ ಇರತಕ್ಕ ಸಂಬಂಧವೆಂಥದು ಎಂಬ ಮುಖ್ಯಪ್ರಶ್ನೆಯನ್ನು ಇಬ್ಬರೂ ಎತ್ತುವುದಿಲ್ಲ. ಆ ಸಂಬಂಧವು ಮೂಲಗ್ರಂಥಕ್ಕೂ ಅದರ ವ್ಯಾಖ್ಯಾನಕ್ಕೂ ಇರುವ ಸಂಬಂಧದಂತೆ ಇರಬೇಕೆಂಬುದನ್ನು ನಿರೂಪಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಪತ್ರಿಕೆಯನ್ನೇ ಪರೀಕ್ಷಿಸಬಹುದು. ಮುಂದೆ ನಡೆಯಲಿರುವುದನ್ನು ಹೇಳಿ ಜನರ ಮನಸ್ಸನ್ನು ಅದರ ಕಡೆಗೆ ತಿರುಗಿಸುವ ಮಾತಿಗೆ ನಾಟ್ಯಶಾಸ್ತ್ರದಲ್ಲಿ ಪ್ರರೋಚನೆ ಎಂದು ಹೆಸರು. ಭರತನು ಇದನ್ನು ಪೂರ್ವರಂಗದ ಅಂಗಗಳಲ್ಲಿಯೂ ಭಾರತೀವೃತ್ತಿಯ ಅಂಗಗಳಲ್ಲಿಯೂ ಸೇರಿಸಿದ್ದಾನೆ. ಪ್ರಸ್ತುತವಾದ ವಸ್ತುವನ್ನು ಪ್ರಶಂಸಿಸಿ ಸಾಮಾಜಿಕರನ್ನು ಉನ್ಮುಖರನ್ನಾಗಿ ಮಾಡುವುದೇ ಇದರ ಲಕ್ಷಣವೆಂಬುದು ದಶರೂಪಕಕಾರನಾದ ಧನಂಜಯನ ಅಭಿಪ್ರಾಯ. ಇಲ್ಲಿ ಗಮನಿಸತಕ್ಕುದೇನೆಂದರೆ, ಪ್ರಶಂಸೆಯು ಪ್ರಸ್ತುತವಸ್ತುವಿನದು, ಅನ್ಯವಸ್ತುವಿನದಲ್ಲ. ಶ್ರೀಹರ್ಷನ ರತ್ನಾವಳಿಯ ಪ್ರಸ್ತಾವನೆಯಲ್ಲಿ ಕವಿಯ ನೈಪುಣ್ಯ, ಸಭೆಯ ಗುಣಗ್ರಾಹಿತ್ವ, ವತ್ಸರಾಜನ ಕಥೆಯ ಮನೋಹರತೆ, ನಟರ ಕೌಶಲ ಎಂಬ ನಾಲ್ಕು ಸಂಗತಿಗಳು ಅಡಕವಾಗಿ ಬಂದಿವೆ. ಪ್ರಯೋಗದ ಸಂದರ್ಭವನ್ನೂ ಕವಿಗಳು ಬಿಡುವುದಿಲ್ಲ. ರತ್ನಾವಳಿಗೂ ಮಾಲವಿಕಾಗ್ನಿಮಿತ್ರಕ್ಕೂ ವಸಂತೋತ್ಸವ, ಭವಭೂತಿಯ ನಾಟಕಗಳಿಗೆ ಕಾಲಪ್ರಿಯನಾಥನ ಯಾತ್ರೆ ನಿಮಿತ್ತವಾಗಿವೆ. ಹೀಗೆ ಕಾಲ, ಕರ್ತೃ, ವಸ್ತು, ಪ್ರಯೋಕ್ತೃ, ಸಾಮಾಜಿಕ ಎಂಬ ಐದನ್ನೂ ಹೇಳಿದ ಪ್ರರೋಚನೆಯೇ ಪೂರ್ಣವಾದುದು.

ಈ ಲಕ್ಷಣವನ್ನು ಚಿತ್ರಶಾಲೆಯ ಪತ್ರಿಕೆಗೆ ಅನ್ವಯಿಸಿದರೆ ದೊರೆಯುವ ಫಲ ವಿಚಾರಾರ್ಹವಾಗಿದೆ. ಕಾಲವು ನಿಮಿಷದವರೆಗೂ ಸ್ಪಷ್ಟವಾಗಿರುತ್ತದೆ. ಪ್ರಯೋಕ್ತೃ, ಎಂದರೆ ಉಪನ್ಯಾಸಕ ಅಥವಾ ಗಾಯಕ, ಬಿರುದುಗಳೊಡನೆಯೂ ಭಾವಚಿತ್ರದೊಡನೆಯೂ ಪ್ರಕಾಶಿಸುತ್ತಾನೆ. ಸಾಮಾಜಿಕನಿಗೆ ಆಸನ ಕಾದಿರಿಸುವ ಕ್ರಮ, ಪ್ರವೇಶಶುಲ್ಕ, ಉಪಾಹಾರ ಮೊದಲಾದವು ತಿಳಿಯುತ್ತವೆ. ಆದರೆ ಯಾವ ಚಿತ್ರದ ಮುಂದೆ ನಿಲ್ಲಬೇಕು, ಅದನ್ನು ಬರೆದವರು ಯಾರು, ಅದರಲ್ಲಿ ನೋಡತಕ್ಕುದೇನು ಎಂಬುದು ಬಹುಮಟ್ಟಿಗೆ ಇರುವುದೇ ಇಲ್ಲ. ಐದರಲ್ಲಿ ಮೂರು ಇದ್ದು ಕರ್ತೃವೂ ವಸ್ತುವೂ ಲೋಪವಾಗಿರುತ್ತವೆ. ನಾಟಕದ ಹೆಸರನ್ನೇ ಹೇಳದೆ ನಟರ ಹೆಸರುಗಳನ್ನು ಮಾತ್ರ ಸಾರಿ ಒಳಹೋಗುವ ಸೂತ್ರಧಾರನನ್ನು ಯಾವ ಲಾಕ್ಷಣಿಕನೂ ಒಪ್ಪಲಾರನು. ಅಂಥ ಪತ್ರಿಕೆಯನ್ನು ಬೇರೊಂದು ಸಭಾಭವನದ ಹೆಸರು ಹಾಕಿ ಹಂಚಿದರೂ ಅರ್ಥಹಾನಿಯಾಗುವುದಿಲ್ಲ. ಇದೇ ಅದರ ಪರಮದೋಷ.

ದೋಷವು ಬರವಣಿಗೆಯದು ಮಾತ್ರವೋ ಕಾರ್ಯಕ್ರಮದ್ದೂ ಹೌದೋ ಎಂಬುದು ಮುಂದಿನ ಪ್ರಶ್ನೆ. ಇದನ್ನು ನಿಶ್ಚಯಿಸಬೇಕಾದರೆ ಚಿತ್ರವನ್ನು ತೋರಿಸುವವನ ಕರ್ತವ್ಯವನ್ನು ತಿಳಿಯಬೇಕು. ತೋರಿಸುವವನು ಪಾಶ್ಚಾತ್ಯರಿಂದ ಬಂದ ಹೊಸಬನೆಂದು ಕೆಲವರು ತಿಳಿದಿದ್ದಾರೆ. ಸಂಸ್ಕೃತಕಾವ್ಯಗಳಲ್ಲಿ ಅವನು ಕಡೆಯಪಕ್ಷ ಮೂರು ರೂಪಗಳಲ್ಲಿ ಕಾಣಿಸಿಕೊಂಡಿದ್ದಾನೆ.

ಮೊದಲನೆಯವನು ಪ್ರತಿಮಾನಾಟಕದ ದೇವಕುಲಿಕ. ತಿರುವನಂತಪುರದ ಗಣಪತಿಶಾಸ್ತ್ರಿಗಳು 1912ರಿಂದ ಮೊದಲುಗೊಂಡು ಪ್ರಕಟಿಸಿದ, ಭಾಸಕೃತವೆಂದು ಪ್ರಸಿದ್ಧವಾದ ನಾಟಕಗಳಲ್ಲಿ ಇದೊಂದು. ಇದರ ಮೂರನೆಯ ಅಂಕದಲ್ಲಿ ಭರತನು ಮಾತಾಮಹನ ಮನೆಯಿಂದ ಹಿಂದಿರುಗುತ್ತ ಅಯೋಧ್ಯೆಯ ಹೊರವಲಯದ ಪ್ರತಿಮಾಗೃಹವನ್ನು ಹೊಗುತ್ತಾನೆ. ಅಲ್ಲಿರುವವು ದೇವತಾಮೂರ್ತಿಗಳೆಂದು ಭಾವಿಸಿ ನಮಸ್ಕರಿಸಹೋದವನನ್ನು ದೇವಕುಲಿಕನು ತಡೆದು, ಅವು ಇಕ್ಷ್ವಾಕುವಂಶದ ಅರಸರ ಪ್ರತಿಮೆಗಳೆಂದು ತಿಳಿಸಿ, ದಿಲೀಪ, ರಘು, ಅಜ ಎಂದು ಒಂದೊಂದಾಗಿ ಹೆಸರು ಹೇಳುತ್ತಾನೆ. ನಾಲ್ಕನೆಯದರ ಮುಂದೆ ಭರತನ ಮನಸ್ಸು ಕಳವಳಗೊಳ್ಳುತ್ತದೆ. ಬದುಕಿರುವವರ ಪ್ರತಿಮೆಗಳನ್ನೂ ಇಲ್ಲಿ ನಿಲ್ಲಿಸುವರೇ ಎಂದು ಕೇಳುತ್ತಾನೆ. ಗತಿಸಿದವರವನ್ನು ಮಾತ್ರವೇ ಎಂಬುದು ಉತ್ತರ. ಆ ಒಂದು ಉತ್ತರದಿಂದ ಮಗನಿಗೆ ತಂದೆಯ ಮರಣವು ತಿಳಿಯುತ್ತದೆ. ದೇವಕುಲಿಕನು ರಸವನ್ನು ವರ್ಣಿಸಲಿಲ್ಲ, ಕಂಠವನ್ನು ಏರಿಸಲಿಲ್ಲ, ಆ ಶಾಲೆಯ ನಿಯಮವೊಂದನ್ನು ಹೇಳಿದನು. ವಸ್ತುವಿನ ಯಥಾರ್ಥವಾದ ಪರಿಚಯವೇ ನೋಡುವವನಲ್ಲಿ ಕರುಣವನ್ನು ಉಂಟುಮಾಡಿತು. ತೋರಿಸುವವನಿಗೆ ಬೇಕಾದ ಮೊದಲನೆಯ ಗುಣ ಯಥಾರ್ಥಜ್ಞಾನವೆಂಬುದು ಇದರಿಂದ ಸಿದ್ಧಿಸುತ್ತದೆ.

ಎರಡನೆಯವನು ಉತ್ತರರಾಮಚರಿತದ ಲಕ್ಷ್ಮಣ. ಆ ನಾಟಕದ ಮೊದಲನೆಯ ಅಂಕಕ್ಕೆ ಚಿತ್ರದರ್ಶನವೆಂದೇ ಹೆಸರು. ಜನಕನು ಹೊರಟುಹೋದುದರಿಂದ ಖಿನ್ನಳಾದ ಸೀತೆಯ ಮನಸ್ಸನ್ನು ಸಮಾಧಾನಪಡಿಸುವುದಕ್ಕಾಗಿ, ತಾನು ಹೇಳಿದಂತೆ ಚಿತ್ರಕಾರನು ಬರೆದ ಚಿತ್ರಗಳನ್ನು ಲಕ್ಷ್ಮಣನು ತೋರಿಸುತ್ತಾನೆ. ವಿದೇಹರಾಜಪುತ್ರಿಯರ ವಿವಾಹದ ಚಿತ್ರದಲ್ಲಿ ಊರ್ಮಿಳೆಯ ಹೆಸರನ್ನು ಹೇಳದೆ ಮುಂದುವರಿಯುತ್ತಾನೆ. ಸೀತೆಯು ಅದನ್ನು ಕಂಡುಹಿಡಿದು ಪರಿಹಾಸದಿಂದ ಕೇಳಿದಾಗ ಲಜ್ಜೆಯಿಂದ ಪರಶುರಾಮನ ಚಿತ್ರದ ಕಡೆಗೆ ಮಾತು ತಿರುಗಿಸುತ್ತಾನೆ. ಶೂರ್ಪಣಖಿಯನ್ನು ಕಂಡು ಸೀತೆಯು ಹೆದರಿದಾಗ, ಅದು ಬರಿಯ ಚಿತ್ರವೆಂದು ರಾಮನು ಸಂತೈಸಬೇಕಾಗುತ್ತದೆ. ಮಾಲ್ಯವಂತಪರ್ವತದ ಚಿತ್ರಕ್ಕೆ ಬಂದಾಗ ರಾಮನೇ ಸಹಿಸಲಾರದೆ ನಿಲ್ಲಿಸೆನ್ನುತ್ತಾನೆ. ಆಗ ಲಕ್ಷ್ಮಣನು ಇನ್ನು ಮುಂದೆ ಕಪಿರಾಕ್ಷಸರ ಅಸಂಖ್ಯಾತವಾದ ಅದ್ಭುತಕರ್ಮಗಳಿವೆಯೆಂದೂ ಆದರೆ ಆರ್ಯೆಯು ಬಳಲಿದ್ದಾಳಾದುದರಿಂದ ವಿಶ್ರಮಿಸುವುದು ಲೇಸೆಂದೂ ವಿಜ್ಞಾಪಿಸುತ್ತಾನೆ. ತೋರಿಸುವುದಕ್ಕೆ ಇನ್ನೂ ಬೇಕಾದಷ್ಟಿದ್ದರೂ ನೋಡುವವರ ಆಯಾಸವನ್ನರಿತು ನಿಲ್ಲಿಸಬಲ್ಲವನೇ ನಿಜವಾದ ದರ್ಶಕನು. ಈ ಚಿತ್ರದರ್ಶನದಿಂದಲೇ ಸೀತೆಗೆ ವನಗಳನ್ನೂ ಭಾಗೀರಥಿಯನ್ನೂ ಮತ್ತೆ ಕಾಣಬೇಕೆಂಬ ಬಯಕೆ ಹುಟ್ಟಿ, ಅದರಿಂದ ಕಥೆಯು ಮುಂದುವರಿಯುತ್ತದೆ. ಚಿತ್ರದರ್ಶನವು ಹೊತ್ತುಕಳೆಯುವುದಕ್ಕೆಂದು ಆರಂಭವಾದರೂ ಹೊತ್ತುಕಳೆಯುವುದರಲ್ಲಿ ಮುಗಿಯಲಿಲ್ಲ.

ಮೂರನೆಯವನು ಹರ್ಷಚರಿತದ ಐದನೆಯ ಉಚ್ಛ್ವಾಸದಲ್ಲಿ ಬರುವ ಯಮಪಟ್ಟಿಕ. ತಂದೆಯ ವ್ಯಾಧಿಯ ವಾರ್ತೆಯನ್ನು ಕೇಳಿ ರಾಜಧಾನಿಗೆ ಧಾವಿಸಿ ಬರುವ ಹರ್ಷನಿಗೆ ಬೀದಿಯಲ್ಲಿ ಇವನು ಕಾಣಿಸುತ್ತಾನೆ. ಕುತೂಹಲದಿಂದ ಮುತ್ತಿದ ಹುಡುಗರ ನಡುವೆ ಯಮನ ಚಿತ್ರಪಟವನ್ನು ಹಿಡಿದು, ಕೈಯಲ್ಲಿರುವ ಕಡ್ಡಿಯಿಂದ ತೋರಿಸುತ್ತ ಪರಲೋಕದ ವೃತ್ತಾಂತವನ್ನು ಬಣ್ಣಿಸುತ್ತಿರುತ್ತಾನೆ. ಇವನ ಶಾಲೆಗೆ ಗೋಡೆಯಿಲ್ಲ, ಶುಲ್ಕವಿಲ್ಲ. ಇವನ ಸಾಮಾಜಿಕರು ಬೀದಿಯ ಮಕ್ಕಳು. ಆದರೂ ಇವನ ಕೈಯ ಕಡ್ಡಿಯು ಪಟವನ್ನು ಬಿಟ್ಟು ಕದಲುವುದಿಲ್ಲ. ಜನಪ್ರಿಯತೆಗೂ ವಸ್ತುನಿಷ್ಠೆಗೂ ವಿರೋಧವಿಲ್ಲವೆಂಬುದಕ್ಕೆ ಇವನೇ ಸಾಕ್ಷಿ. ದೇವಕುಲಿಕನ ಯಥಾರ್ಥಜ್ಞಾನ, ಲಕ್ಷ್ಮಣನ ಔಚಿತ್ಯ, ಯಮಪಟ್ಟಿಕನ ವಸ್ತುನಿಷ್ಠೆ ಈ ಮೂರೂ ಒಂದೆಡೆ ಸೇರಿದರೆ ಚಿತ್ರದ ವ್ಯಾಖ್ಯಾತೃವಿನ ಲಕ್ಷಣವು ಪೂರ್ಣವಾಗುತ್ತದೆ.

ಪಾಶ್ಚಾತ್ಯರು ಬೇರೆ ದಾರಿಯಿಂದ ಇದೇ ನಿರ್ಣಯಕ್ಕೆ ಬಂದಿದ್ದಾರೆ. ಅಮೆರಿಕಾದೇಶದ ಬಾಸ್ಟನ್ ನಗರದ ಲಲಿತಕಲಾ ವಸ್ತುಸಂಗ್ರಹಾಲಯದಲ್ಲಿ ಕಾರ್ಯದರ್ಶಿಯಾಗಿದ್ದ ಬೆಂಜಮಿನ್ ಐವ್ಸ್ ಗಿಲ್ಮನ್ ಎಂಬವರು 1907ರಲ್ಲಿ, ಬಂದವರನ್ನು ಕರೆದುಕೊಂಡು ಹೋಗಿ ಕಲಾವಸ್ತುಗಳ ಮುಂದೆಯೇ ನಿಂತು ವಿವರಿಸುವ ಏರ್ಪಾಡನ್ನು ಆರಂಭಿಸಿದರು. ಹಾಗೆ ವಿವರಿಸುವವರಿಗೆ ಡೋಸೆಂಟ್ ಎಂದು ಹೆಸರಾಯಿತು. ಕಲಿಸು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಅದು ಬಂದುದು. ಅದೇ ಗಿಲ್ಮನ್ನರು 1916ರಲ್ಲಿ ವಸ್ತುಸಂಗ್ರಹಾಲಯಗಳನ್ನು ನೋಡುವವರಿಗೆ ಉಂಟಾಗುವ ಆಯಾಸವನ್ನು ಕುರಿತು ಲೇಖನವೊಂದನ್ನು ಪ್ರಕಟಿಸಿದರು. ಲಕ್ಷ್ಮಣನು ಸೀತೆಯ ಮುಖದಲ್ಲಿ ಕಂಡ ಬಳಲಿಕೆಯನ್ನು ಇವರು ಛಾಯಾಚಿತ್ರಗಳಿಂದ ಪ್ರಮಾಣೀಕರಿಸಿದರು. ಮುಂದೆ 1917ರಲ್ಲಿ ಅದೇ ಸಂಸ್ಥೆಯನ್ನು ಸೇರಿ 1947ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ಇದ್ದ ಆನಂದ ಕುಮಾರಸ್ವಾಮಿಯವರು, ಕಲಾವಸ್ತುಗಳನ್ನು ಪ್ರದರ್ಶಿಸುವುದು ಏತಕ್ಕೆ ಎಂಬ ಪ್ರಶ್ನೆಯನ್ನೇ ಶೀರ್ಷಿಕೆಯಾಗಿ ಮಾಡಿ 1943ರಲ್ಲಿ ಪುಸ್ತಕವೊಂದನ್ನು ಹೊರತಂದರು. ಶಾಲೆಯಲ್ಲಿರುವ ವಸ್ತುಗಳು ಶಾಲೆಗಾಗಿ ಮಾಡಿದವಲ್ಲ; ಅವು ಯಾವ ಪ್ರಯೋಜನಕ್ಕಾಗಿ ಹುಟ್ಟಿದವೆಂಬುದನ್ನು ತಿಳಿಸುವುದೇ ಪ್ರದರ್ಶನದ ಉದ್ದೇಶ, ವಿನೋದವಲ್ಲ ಎಂಬುದು ಅವರ ಮತದ ಸಾರ.

ವಿನೋದಪಕ್ಷದವರು ತಮ್ಮ ಪಕ್ಷಕ್ಕೆ ಲಂಡನ್ ನಗರದ ರಾಷ್ಟ್ರೀಯ ಚಿತ್ರಶಾಲೆಯನ್ನು ಉದಾಹರಿಸಬಹುದು. ಎರಡನೆಯ ಮಹಾಯುದ್ಧವು ಆರಂಭವಾದಾಗ ಅಲ್ಲಿನ ಚಿತ್ರಗಳನ್ನು ಸುರಕ್ಷಿತಸ್ಥಳಗಳಿಗೆ ಸಾಗಿಸಿದ್ದರು. ಬರಿದಾದ ಆ ಶಾಲೆಯಲ್ಲಿ ಪಿಯಾನೋ ವಾದಕಿ ಮೈರಾ ಹೆಸ್ ಅವರು 1939ರ ಅಕ್ಟೋಬರ್ 10ರಂದು ಮಧ್ಯಾಹ್ನದ ಸಂಗೀತಗೋಷ್ಠಿಗಳನ್ನು ಆರಂಭಿಸಿದರು. ಒಂದು ಷಿಲಿಂಗಿನ ಪ್ರವೇಶಶುಲ್ಕ. ಯಾರು ಬೇಕಾದರೂ ಬರಬಹುದಾಗಿತ್ತು. ಬಾಂಬುಗಳು ಬೀಳುತ್ತಿದ್ದ ಕಾಲದಲ್ಲಿಯೂ ನಿಲ್ಲದೆ 1946ರ ಏಪ್ರಿಲ್ 10ರವರೆಗೆ 1698 ಗೋಷ್ಠಿಗಳು ನಡೆದವು. ಚಿತ್ರಗಳೇ ಇಲ್ಲದ ಚಿತ್ರಶಾಲೆಗೆ ಜನರು ಸಾಲುಗಟ್ಟಿ ಬಂದ ಮೇಲೆ ಕಾರ್ಯಕ್ರಮವೇ ಮುಖ್ಯ, ಚಿತ್ರವು ಗೌಣ ಎಂದು ಏಕೆ ಹೇಳಬಾರದು? ಇದಕ್ಕೆ ಉತ್ತರವು ಅದೇ ಇತಿಹಾಸದಲ್ಲಿಯೇ ಇದೆ. 1942ರಲ್ಲಿ ಸಾರ್ವಜನಿಕರು ಚಿತ್ರಗಳನ್ನೂ ಕಾಣಬೇಕೆಂದು ಅಪೇಕ್ಷಿಸಿದರು. ಆಗ ನಿರ್ದೇಶಕರಾಗಿದ್ದ ಕೆನೆತ್ ಕ್ಲಾರ್ಕ್ ಅವರ ಕಾಲದಲ್ಲಿ, ವೇಲ್ಸ್ ಪ್ರಾಂತದ ಕಲ್ಲುಗಣಿಯಲ್ಲಿ ಇರಿಸಿದ್ದ ಚಿತ್ರಗಳಿಂದ ತಿಂಗಳಿಗೆ ಒಂದನ್ನು ತರಿಸಿ ಜನರ ಮುಂದೆ ಇಡುವ ಕ್ರಮವು ಏರ್ಪಟ್ಟಿತು. ನೂರಾರು ಚಿತ್ರಗಳಿದ್ದಾಗ ಓಡೋಡುತ್ತ ನೋಡಿದ್ದ ಜನರು ಈಗ ಒಂದೇ ಚಿತ್ರದ ಮುಂದೆ ನಿಲ್ಲಲು ಬಂದರು. ಸಂಗೀತವು ಆ ಜನರ ಧೈರ್ಯವನ್ನು ಕಾಪಾಡಿತು. ಅದರ ಪುಣ್ಯ ಅಲ್ಪವಲ್ಲ. ಆದರೆ ಅದು ಚಿತ್ರದ ಅಪೇಕ್ಷೆಯನ್ನು ತೀರಿಸಲಿಲ್ಲವೆಂಬುದು ಅಷ್ಟೇ ನಿಜ. ಚಿತ್ರಶಾಲೆಗೆ ಸಹಜವಾದ ಕಾರ್ಯಕ್ರಮ ಯಾವುದೆಂದು ಕೇಳಿದರೆ, ಒಂದು ಚಿತ್ರ, ಒಂದು ತಿಂಗಳು, ಅದರ ಮುಂದೆ ನಿಲ್ಲುವ ಜನ ಎಂಬುದೇ ಉತ್ತರವಾಗುತ್ತದೆ.

ಹಾಗಾದರೆ ಸಂಗೀತನೃತ್ಯಗಳಿಗೆ ಚಿತ್ರಶಾಲೆಯಲ್ಲಿ ಸ್ಥಾನವೇ ಇಲ್ಲವೆ ಎಂದರೆ, ಹಾಗೆ ಹೇಳುವುದು ಶಾಸ್ತ್ರವಿರುದ್ಧ. ವಿಷ್ಣುಧರ್ಮೋತ್ತರದ ಮೂರನೆಯ ಖಂಡದಲ್ಲಿ ಪ್ರತಿಮಾಲಕ್ಷಣವನ್ನು ತಿಳಿಯಬಯಸಿದ ವಜ್ರರಾಜನಿಗೆ ಮಾರ್ಕಂಡೇಯನು ಚಿತ್ರಸೂತ್ರವನ್ನೂ, ಚಿತ್ರಸೂತ್ರಕ್ಕೆ ನೃತ್ತವನ್ನೂ, ನೃತ್ತಕ್ಕೆ ವಾದ್ಯವನ್ನೂ, ವಾದ್ಯಕ್ಕೆ ಗೀತವನ್ನೂ ಪೂರ್ವಾಪೇಕ್ಷೆಯಾಗಿ ವಿಧಿಸುತ್ತಾನೆ. ಆದುದರಿಂದ ಚಿತ್ರದ ಬಳಿಯಲ್ಲಿ ಗೀತವು ಅನ್ಯವಲ್ಲ. ಆದರೆ ಅಪೇಕ್ಷಾಸಂಬಂಧವು ಕಾಣುವಂತಿರಬೇಕು. ರಾಗಮಾಲಾಚಿತ್ರದ ಮುಂದೆ ಆ ರಾಗವನ್ನೇ ಹಾಡಿ, ರಾಗದ ಭಾವವನ್ನು ಚಿತ್ರಕಾರನು ರೇಖೆಗೆ ಹೇಗೆ ತಂದನೆಂದು ತೋರಿಸಿದರೆ ಗೀತವು ಚಿತ್ರಕ್ಕೆ ವ್ಯಾಖ್ಯಾನವಾಗುತ್ತದೆ. ಚಿತ್ರಗಳಿಗೆ ಬೆನ್ನುಮಾಡಿ ಕುಳಿತ ಸಭೆಗೆ ಯಾವುದೋ ಹಾಡನ್ನು ಹಾಡಿದರೆ ಅದು ಸಂಗೀತವಾಗಬಹುದು, ಚಿತ್ರಶಾಲೆಯ ಕಾರ್ಯಕ್ರಮವಾಗಲಾರದು. ಅದೇ ಚಿತ್ರಸೂತ್ರವು ಆಚಾರ್ಯರು ರೇಖೆಯನ್ನೂ, ವಿಚಕ್ಷಣರು ಛಾಯಾವಿನ್ಯಾಸವನ್ನೂ, ಸ್ತ್ರೀಯರು ಭೂಷಣವನ್ನೂ, ಇತರರು ವರ್ಣಸಮೃದ್ಧಿಯನ್ನೂ ಮೆಚ್ಚುವರೆಂದು ನೋಡುವವರ ರುಚಿಭೇದವನ್ನು ಗುರುತಿಸಿದೆ. ಆ ವಿಭಾಗವನ್ನು ಇಂದು ಅಕ್ಷರಶಃ ಗ್ರಹಿಸಬೇಕಾಗಿಲ್ಲ. ನಾನಾ ಅಧಿಕಾರಿಗಳಿಗೆ ನಾನಾ ದ್ವಾರಗಳು ಬೇಕು, ಆದರೆ ಎಲ್ಲ ದ್ವಾರಗಳೂ ಅದೇ ಚಿತ್ರಕ್ಕೆ ತೆರೆಯಬೇಕು ಎಂಬುದೇ ಅದರ ಗ್ರಾಹ್ಯಾಂಶ.

ಈ ತತ್ತ್ವವನ್ನು ಕನ್ನಡನಾಡಿಗೆ ಅನ್ವಯಿಸಿ ನೋಡುವುದು ಯುಕ್ತ. ಬೆಂಗಳೂರಿನಲ್ಲಿ 1865ರಲ್ಲಿ ಸ್ಥಾಪಿತವಾಗಿ 1877ರಲ್ಲಿ ಈಗಿನ ಕಟ್ಟಡವನ್ನು ಪಡೆದ ಸರಕಾರಿ ವಸ್ತುಸಂಗ್ರಹಾಲಯವೂ ಅದರ ಮಗ್ಗುಲಲ್ಲಿ ವೆಂಕಟಪ್ಪ ಚಿತ್ರಶಾಲೆಯೂ ಇವೆ. 2009ರಲ್ಲಿ ಮಾಣಿಕ್ಯವೇಲು ಭವನದಲ್ಲಿ ರಾಷ್ಟ್ರೀಯ ಆಧುನಿಕ ಕಲಾಶಾಲೆಯೂ, 2023ರಲ್ಲಿ ಕಸ್ತೂರಬಾ ರಸ್ತೆಯಲ್ಲಿ ಕಲೆ ಮತ್ತು ಛಾಯಾಗ್ರಹಣದ ವಸ್ತುಸಂಗ್ರಹಾಲಯವೂ ಬಾಗಿಲು ತೆರೆದವು. ಇಷ್ಟು ಶಾಲೆಗಳಿರುವ ನಗರದಲ್ಲಿ ಕಾರ್ಯಕ್ರಮಕ್ಕೆ ವಸ್ತುವಿನ ಕೊರತೆಯಿಲ್ಲ. ಒಂದೇ ಉದಾಹರಣೆಯನ್ನು ಹೇಳಬಹುದು. ಚಿತ್ರಕಾರ ಕೆ. ವೆಂಕಟಪ್ಪನವರು (1886-1965) ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿ ಚಿತ್ರವಿದ್ಯೆಯನ್ನು ಕಲಿತವರು; ಸೋದರಿ ನಿವೇದಿತಾ ಮತ್ತು ಕುಮಾರಸ್ವಾಮಿಯವರು ಹಿಂದೂ ಬೌದ್ಧ ಪುರಾಣಕಥೆಗಳನ್ನು ಕುರಿತು ರಚಿಸಿ 1913ರಲ್ಲಿ ಪ್ರಕಟವಾದ ಗ್ರಂಥಕ್ಕೆ ಚಿತ್ರಗಳನ್ನು ಬರೆದವರು; ಉದಕಮಂಡಲದ ಬೆಟ್ಟಗಳನ್ನು ಜಲವರ್ಣದಲ್ಲಿ ಮೂಡಿಸಿದವರು. ಇವರೇ ಮೈಸೂರಿನಲ್ಲಿ ವೀಣೆ ಶೇಷಣ್ಣನವರಲ್ಲಿ ವೀಣೆಯನ್ನು ಅಭ್ಯಾಸಮಾಡಿದರು. ಇವರ ಚಿತ್ರಗಳ ಎದುರಿನಲ್ಲಿ ಶೇಷಣ್ಣನವರ ಸಂಪ್ರದಾಯದ ವೀಣಾವಾದನವನ್ನು ಏರ್ಪಡಿಸಿ, ಒಂದೇ ಕೈಯು ತಂತಿಯಲ್ಲಿಯೂ ಕುಂಚದಲ್ಲಿಯೂ ಸಾಧಿಸಿದ ಸೂಕ್ಷ್ಮತೆಯನ್ನು ನೋಡುವವರಿಗೆ ಮನಗಾಣಿಸಿದರೆ, ಮಾರ್ಕಂಡೇಯನ ಮತಕ್ಕೆ ಅದಕ್ಕಿಂತ ಉತ್ತಮವಾದ ಭಾಷ್ಯ ಬೇಕಾಗಿಲ್ಲ. ಅದೇ ವೀಣಾವಾದನವನ್ನು ಈ ಸಂಬಂಧವನ್ನು ತಿಳಿಸದೆ ಏರ್ಪಡಿಸಿದರೆ ಅದು ಒಂದು ಸಂಜೆಯ ಕಚೇರಿ ಮಾತ್ರ. ಕಾರ್ಯಕ್ರಮವು ಒಂದೇ, ಪ್ರರೋಚನೆಯಲ್ಲಿ ವಸ್ತುವಿದೆಯೋ ಇಲ್ಲವೋ ಎಂಬುದರಿಂದ ಅದರ ಸ್ವರೂಪವೇ ಬೇರೆಯಾಗುತ್ತದೆ.

ಇಲ್ಲಿಯೇ ಭಾಷೆಯ ಪ್ರಶ್ನೆಯೂ ಏಳುತ್ತದೆ. ವ್ಯಾಖ್ಯಾನವು ಮೂಲವನ್ನು ಅರಿಯದವನಿಗಾಗಿ ಹುಟ್ಟಿದುದಾದುದರಿಂದ ಅವನು ಅರಿತ ಭಾಷೆಯಲ್ಲಿರಬೇಕು. ಇಂಥ ಕಾರ್ಯಕ್ರಮಪತ್ರಿಕೆಗಳು ಇಂಗ್ಲಿಷಿನಲ್ಲಿ ಮೊದಲು ರಚಿತವಾಗಿ, ಕನ್ನಡಕ್ಕೆ ಬಂದರೆ ಭಾಷಾಂತರವಾಗಿ ಬರುವುದರಿಂದ ಕನ್ನಡವು ಗಂಟುಗಂಟಾಗುತ್ತದೆ. ಕನ್ನಡದಲ್ಲಿ ಈ ವಿಷಯಕ್ಕೆ ಪದಗಳಿಲ್ಲವೆಂದು ಇದಕ್ಕೆ ಕಾರಣ ಹೇಳುವುದುಂಟು. ಈ ಕಾರಣವು ನಿಲ್ಲುವುದಿಲ್ಲ. ತಿಳಿದವರೊಡನೆ ಚಿತ್ರಗಳನ್ನು ನೋಡುತ್ತ ಸಾಗುವುದಕ್ಕೆ ಚಿತ್ರದರ್ಶನವೆಂಬ ಹೆಸರನ್ನು ಭವಭೂತಿಯ ಅಂಕವೇ ಒದಗಿಸಿದೆ. ಚಿತ್ತಾರವೆಂಬ ಪದವನ್ನು ಮಲೆನಾಡಿನ ದೀವರ ಹೆಂಗಸರು ಹಸೆಗೋಡೆಯ ಮೇಲೆ ಇಂದಿಗೂ ಜೀವಂತವಾಗಿ ಇಟ್ಟಿದ್ದಾರೆ. ಮೈಸೂರು ಸಂಪ್ರದಾಯದ ಚಿತ್ರಗಾರರು ಚಿನ್ನದ ರೇಕನ್ನು ಅಂಟಿಸುವ ಮುಂಚೆ ಉಬ್ಬುಗೆಲಸಕ್ಕಾಗಿ ಹಚ್ಚುವ ಲೇಪಕ್ಕೆ ಮಕ್ಕಿ ಸಫೇದವೆಂಬ ಹೆಸರುಂಟು. ಪದಗಳು ಕೆಲಸಗಾರರ ಬಾಯಲ್ಲಿವೆ. ಪತ್ರಿಕೆಯನ್ನು ಬರೆಯುವವರ ಲೇಖನಿಗೆ ಬರುವುದಷ್ಟೇ ಬಾಕಿ. ಬೆಂಗಳೂರಿನ ಶಾಲೆಯೊಂದಕ್ಕೆ ತನ್ನ ವಿದ್ಯಾರ್ಥಿಗಳನ್ನು ಕರೆತರುವ ಗ್ರಾಮಾಂತರದ ಕನ್ನಡ ಉಪಾಧ್ಯಾಯನು, ಬಾಗಿಲಲ್ಲಿ ದೊರೆತ ಪತ್ರಿಕೆಯನ್ನು ಓದಿ ಯಾವ ಚಿತ್ರದ ಮುಂದೆ ಮಕ್ಕಳನ್ನು ನಿಲ್ಲಿಸಬೇಕೆಂದು ತಿಳಿಯಲಾರದೆ ಹೋದರೆ, ಎಲ್ಲರಿಗೂ ಪ್ರವೇಶವಿದೆಯೆಂಬ ವಾಕ್ಯಕ್ಕೆ ಅರ್ಥವಿಲ್ಲ. ಬಾಗಿಲು ತೆರೆದಿದ್ದರೂ ಅವನಿಗೆ ಶಾಲೆ ಮುಚ್ಚಿದಂತೆಯೇ.

ಕೊನೆಯದಾಗಿ ಒಂದು ಆಕ್ಷೇಪವನ್ನು ಪರಿಹರಿಸಬೇಕು. ವಸ್ತುವನ್ನೇ ಮುಂದಿಟ್ಟರೆ ಪತ್ರಿಕೆಯು ಶುಷ್ಕವಾಗಿ, ಜನರು ಬರುವುದು ಕಡಿಮೆಯಾದೀತು ಎಂಬುದು ಆ ಆಕ್ಷೇಪ. ಆದರೆ ಶುಷ್ಕತೆಯು ವಸ್ತುವಿನಿಂದ ಬರುವುದಲ್ಲ, ಹೇಳುವ ರೀತಿಯಿಂದ ಬರುವುದು. ರತ್ನಾವಳಿಯ ಸೂತ್ರಧಾರನು ವಸ್ತುವನ್ನು ಹೇಳಿಯೇ ಸಭೆಯನ್ನು ಸೆಳೆದನು. ಮಲ್ಲಿನಾಥಸೂರಿಯು ತನ್ನ ವ್ಯಾಖ್ಯಾನಗಳಿಗೆ ಎರಡು ಕಟ್ಟುಗಳನ್ನು ಹಾಕಿಕೊಂಡನು: ಮೂಲದಲ್ಲಿ ಆಧಾರವಿಲ್ಲದುದನ್ನು ಬರೆಯಬಾರದು, ಅಪೇಕ್ಷಿತವಲ್ಲದುದನ್ನು ಹೇಳಬಾರದು. ಈ ಕಟ್ಟುಗಳಿಂದ ಅವನ ವ್ಯಾಖ್ಯಾನವನ್ನು ಓದುವವರು ಕಡಿಮೆಯಾಗಲಿಲ್ಲ. ಕಾಳಿದಾಸನನ್ನು ಪಾಠಹೇಳುವವರು ಇಂದಿಗೂ ಅವನನ್ನೇ ಆಶ್ರಯಿಸುತ್ತಾರೆ. ಚಿತ್ರಶಾಲೆಯ ಕಾರ್ಯಕ್ರಮಕ್ಕೂ ಪತ್ರಿಕೆಗೂ ಇವೇ ಕಟ್ಟುಗಳು ಸಾಕು. ಈ ಕಾರ್ಯಕ್ರಮಕ್ಕೆ ಈ ಶಾಲೆಯ ಯಾವ ಚಿತ್ರ ಮೂಲ? ಇದನ್ನು ಕೇಳಿದವನು ಆ ಚಿತ್ರದ ಕಡೆಗೆ ಮರಳಿ ಹೋಗುವನೋ, ನೇರವಾಗಿ ಮನೆಗೆ ಹೋಗುವನೋ? ಈ ಎರಡು ಪ್ರಶ್ನೆಗಳಿಗೆ ಉತ್ತರವುಳ್ಳದ್ದು ವ್ಯಾಖ್ಯಾನ; ಉತ್ತರವಿಲ್ಲದ್ದು ಎಷ್ಟೇ ರಮಣೀಯವಾಗಿದ್ದರೂ ಪ್ರಕ್ಷಿಪ್ತ.

ಗ್ರಂಥಸಂಪಾದಕನು ಪ್ರಕ್ಷಿಪ್ತಭಾಗವನ್ನು ಬೇರ್ಪಡಿಸಿ ಮೂಲವನ್ನು ಕಾಪಾಡುವಂತೆ, ಚಿತ್ರಶಾಲೆಯ ವ್ಯವಸ್ಥಾಪಕನು ತನ್ನ ಪತ್ರಿಕೆಯನ್ನು ಅಚ್ಚಿಗೆ ಕಳುಹಿಸುವ ಮುಂಚೆ ಪ್ರತಿಯೊಂದು ಸಾಲನ್ನೂ ಈ ನಿಕಷಕ್ಕೆ ಹಚ್ಚಬೇಕು. ಸಾಹಿತ್ಯದ ಉಪಾಧ್ಯಾಯರಾದರೋ, ಉತ್ತರರಾಮಚರಿತದ ಮೊದಲನೆಯ ಅಂಕವನ್ನು ಪಾಠಹೇಳುವ ದಿನಗಳಲ್ಲಿ ವಿದ್ಯಾರ್ಥಿಗಳನ್ನು ಸಮೀಪದ ಚಿತ್ರಶಾಲೆಗೆ ಒಮ್ಮೆ ಕರೆದೊಯ್ದು ಒಂದೇ ಚಿತ್ರದ ಮುಂದೆ ನಿಲ್ಲಿಸಿದರೆ, ಕಾವ್ಯಕ್ಕೂ ಚಿತ್ರಕ್ಕೂ ಏಕಕಾಲದಲ್ಲಿ ಉಪಕಾರಮಾಡಿದಂತಾಗುತ್ತದೆ. ಎಷ್ಟು ಚಿತ್ರಗಳನ್ನು ತೋರಿಸಬೇಕೆಂಬುದನ್ನು ಮಾತ್ರ ಲಕ್ಷ್ಮಣನಿಂದ ಕಲಿಯತಕ್ಕುದು.